ಅಂಬಕ್ಕನನ್ನು ಬಸ್ಸು ಹತ್ತಿಸಿದ ದಿನ

ಕಲ್ಲಂಗಡಿ ಸಸಿ ಬಂದು ಆರು ದಿನವಾಗಿತ್ತು. ನರ್ಸರಿಯವನು ಟ್ರೇಗಳನ್ನು ಪಂಪ್‌ಹೌಸಿನ ನೆರಳಲ್ಲಿ ಇಳಿಸಿ, "ನಾಲ್ಕು ದಿನದೊಳಗೆ ನೆಟ್ಬಿಡ್ರಿ, ಆಮೇಲೆ ನನ್ನ ಕೇಳ್ಬೇಡಿ" ಅಂತ ಹೇಳಿ ಹೋಗಿದ್ದ. ನೆಡೋಣವೆಂದರೆ ಹೊಲ ಎಲ್ಲಿದೆ? ಮೂರು ಎಕರೆ ತುಂಬ ಮೆಕ್ಕೆಜೋಳದ ದಂಟು ನಿಂತಿತ್ತು. ತೆನೆ ಮುರಿದು ತಿಂಗಳಾಗಿ, ಗಾಳಿ ಬೀಸಿದಾಗಲೆಲ್ಲ ಒಣ ಗರಿ ಸರಸರ ಅನ್ನುತ್ತಿತ್ತು. ಆ ಸದ್ದು ಕಿವಿಗೆ ಬಿದ್ದರೆ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಎದ್ದು ಹೋಗಿ ಸಸಿ ನೋಡುವುದು, ಹಳದಿಯಾದ ಎಲೆ ಎಣಿಸುವುದು, ವಾಪಸ್ ಬರುವುದು.

ದಂಟನ್ನು ನಿಂತ ಜಾಗದಲ್ಲೇ ಪುಡಿ ಮಾಡುವ ಮಿಷನ್ ಒಂದು ಹಿರೇನಲ್ಲೂರಿನ ಕನಕರಾಜು ಹತ್ತಿರ ಇದೆ. ಟ್ರ್ಯಾಕ್ಟರ್ ಹಿಂದೆ ಕಟ್ಟಿ ಎಳೆದರೆ ಒಂದು ದಿನದಲ್ಲಿ ಹೊಲ ನುಣ್ಣಗಾಗುತ್ತದೆ, ಪುಡಿ ಮಣ್ಣಿಗೇ ಗೊಬ್ಬರವಾಗುತ್ತದೆ. ಆದರೆ ಸುತ್ತ ಹತ್ತೂರಿಗೆ ಅದೊಂದೇ. ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದೆ.

"ಬಸಣ್ಣ, ನಿನಗಿಂತ ಮುಂದೆ ಒಂಬತ್ತು ಜನ ಅವ್ರೆ. ಮೇಲಾಗಿ ನಿನ್ನೆ ಕಲ್ಲಿಗೆ ಹೊಡೆದು ಬ್ಲೇಡ್ ಮುರೀತು. ನಾನೇನು ಹಲ್ಲಲ್ಲಿ ಕಡೀಲಾ?" ಅಂದ.

ನನ್ನ ಮಗ ತೀರ್ಥೇಶ ಪಕ್ಕದಲ್ಲೇ ನಿಂತಿದ್ದ. "ಒಂದು ಕಡ್ಡಿ ಗೀರಿದ್ರೆ ಸಾಯಂಕಾಲಕ್ಕೆ ಹೊಲ ಖಾಲಿ ಕಣಪ್ಪ. ಇನ್ನೆರಡು ದಿನ ಹೋದ್ರೆ ಸಸಿನೂ ಒಲೆಗೇ."

"ಅಂಬಕ್ಕ?" ಅಂದಳು ನನ್ನ ಹೆಂಡತಿ ಮೀನಾಕ್ಷಿ. ಅಷ್ಟೇ ಅಂದಳು.

ನಮ್ಮ ಹೊಲದ ಪಡುವಣ ಬದು ದಾಟಿದರೆ ಅಂಬಕ್ಕನ ಮನೆ. ಗಂಡ ಸತ್ತ ಮೇಲೂ ಇಪ್ಪತ್ತು ತೆಂಗಿನ ಮರ, ಕೆಂದಿ ಅನ್ನುವ ಒಂದು ಹಸು ಕಟ್ಟಿಕೊಂಡು ಗಟ್ಟಿಯಾಗಿ ಬದುಕಿದವಳು. ಎದೆಯೊಂದು ಮಾತ್ರ ಗಟ್ಟಿ ಇಲ್ಲ. ಸೊಂಟದ ಚೀಲದಲ್ಲಿ ಎಲೆ ಅಡಿಕೆ ಜೊತೆಗೆ ಉಸಿರಿಗೆ ಎಳೆದುಕೊಳ್ಳುವ ಪಂಪು ಇರುತ್ತದೆ. ಹೋದ ವರ್ಷ ನಾವು ದಂಟು ಸುಟ್ಟಾಗ ಮೂಡಲ ಗಾಳಿ ಹೊಗೆಯನ್ನೆಲ್ಲ ಅವಳ ಮನೆಗೆ ನುಗ್ಗಿಸಿ, ಅವಳು ಒಂಬತ್ತು ದಿನ ಕಡೂರಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಬಂದ ಮೇಲೆ ಒಂದು ಮಾತು ಬೈಯಲಿಲ್ಲ. ಎಂದಿನಂತೆ ಚೊಂಬಿನಲ್ಲಿ ಮಜ್ಜಿಗೆ ಕಳಿಸಿದಳು. ಚೊಂಬು ವಾಪಸ್ ಕೊಡಲು ನಾನು ಹೋಗಲಿಲ್ಲ, ಮೀನಾಕ್ಷಿಯನ್ನು ಕಳಿಸಿದೆ.

ಅದಕ್ಕೇ ಈ ಸಲ ನಾನೊಂದು ಉಪಾಯ ಮಾಡಿದೆ. ಬುದ್ಧಿವಂತ ಉಪಾಯ ಅಂದುಕೊಂಡೆ. ಸಖರಾಯಪಟ್ಟಣದಲ್ಲಿ ಅವಳ ಮಗಳು ಯಶೋಧರಾ ಇದ್ದಾಳೆ. ಬೆಳಿಗ್ಗೆ ಮಗಳ ಮನೆಗೆಂದು ಹತ್ತು ತೆಂಗಿನಕಾಯಿ ಚೀಲಕ್ಕೆ ಹಾಕಿಕೊಂಡು ಅಂಬಕ್ಕನ ಜಗಲಿಗೆ ಹೋದೆ.

"ಅಂಬಕ್ಕ, ಮಗಳನ್ನ ನೋಡಿ ಎಷ್ಟು ದಿನ ಆಯ್ತು? ಇವತ್ತು ಹೋಗಿ ಉಳಕೊಂಡು ನಾಳೆ ಬಾ. ಬಸ್ಸಿನ ತನಕ ನಾನೇ ಬಿಡ್ತೀನಿ."

ಅವಳು ಚೀಲ ಬಗ್ಗಿಸಿ ನೋಡಿದಳು. "ಏನೋ ಬಸ್ವ, ಹತ್ತು ಕಾಯಿ? ನಿಮ್ಮಪ್ಪನ ತಿಥಿಗೂ ನಮ್ಮನೆಗೆ ಎರಡೇ ಕಳಿಸಿದ್ದೆ."

"ಈ ಸಲ ಮರ ಚೆನ್ನಾಗಿ ಹಿಡ್ದೈತೆ ಬಿಡಕ್ಕ."

ಅವಳಿಗೂ ಮಗಳ ಮೇಲೆ ಆಸೆ. ಸೀರೆ ಬದಲಿಸಿ ಬಂದಳು. ಬೈಕು ಹತ್ತುವ ಮುಂಚೆ ಮೂರು ಸಲ ಹೇಳಿದಳು: "ಕೆಂದಿಗೆ ದಿನ ತುಂಬೈತೆ. ಹನ್ನೊಂದಕ್ಕೆ ನೀರು ಕುಡ್ಸು. ಹತ್ರ ಇರು ಕಣೋ."

ಒಂಬತ್ತರ ಬಸ್ಸಿಗೆ ಹತ್ತಿಸಿದೆ. ಕಿಟಕಿಯಿಂದ ಕೈ ಬೀಸಿದಳು. ನಾನೂ ಬೀಸಿದೆ. ಆ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ ಜೇಬಿಗೆ ಹಾಕಿದೆ, ಬೆಂಕಿಪೊಟ್ಟಣ ಸಿಕ್ಕಿತು.

ನಾನು ಕಟುಕನಲ್ಲ. ಕೆಂದಿಗೆ ಹೊಗೆ ತಾಗಬಾರದೆಂದು ಹಗ್ಗ ಬಿಚ್ಚಿ, ಊರೊಳಗಿನ ನಮ್ಮ ಕೊಟ್ಟಿಗೆಗೆ ಮೆಲ್ಲಗೆ ನಡೆಸಿಕೊಂಡು ಹೋಗಿ ಮೀನಾಕ್ಷಿಗೆ ಒಪ್ಪಿಸಿದೆ. ಅವಳು ನನ್ನ ಮುಖ ನೋಡಲಿಲ್ಲ. ಬಸ್ಸು ಕಡೂರು ದಾಟಿ ದೂರ ಹೋಗಲೆಂದು ಹತ್ತೂವರೆವರೆಗೆ ಕಾದೆ. ಹೊಲದ ನಡುವೆ ಗಾಡಿದಾರಿ ಇದೆ. ಮೊದಲು ಮೂಡಲ ಅರ್ಧಕ್ಕೆ ಹಚ್ಚುವುದು, ಅದು ಆರಿದ ಮೇಲೆ ಪಡುವಣ ಅರ್ಧಕ್ಕೆ. ತೀರ್ಥೇಶ ಬಿಂದಿಗೆಗಳಲ್ಲಿ ನೀರು ತುಂಬಿಟ್ಟ. ನಾನು ಕಡ್ಡಿ ಗೀರಿದೆ.

ಒಣ ದಂಟು ಹತ್ತಿಕೊಳ್ಳುವ ಸದ್ದು ಪಟಾಕಿ ಸರದ ಹಾಗೆ. ಮೊದಲು ಬಿಳಿ ಹೊಗೆ, ಆಮೇಲೆ ಬೂದು, ಆಮೇಲೆ ಕೆಳಗೇ ಕೂತುಕೊಳ್ಳುವ ದಪ್ಪ ಹೊಗೆ. ತೆಂಗಿನ ಗರಿಗಳು ಕಾಣದಾದವು. ಅಂಬಕ್ಕನ ಮನೆಯ ಹೆಂಚೂ ಕಾಣದಾಯಿತು. ಮನೆ ಖಾಲಿ ಇದೆ, ಕೊಟ್ಟಿಗೆ ಖಾಲಿ ಇದೆ ಅಂತ ನನಗೆ ನಾನೇ ಹೇಳಿಕೊಂಡೆ. ಆದರೂ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಬದುವಿನ ಆ ತುದಿಗೂ ಈ ತುದಿಗೂ ಅಲೆದೆ.

"ಕೂತ್ಕೊಳ್ಳಪ್ಪ, ಬಾವಿ ಕಾಯೋ ದೆವ್ವದ ಥರ ತಿರುಗ್ತೀಯಲ್ಲ" ಅಂದ ತೀರ್ಥೇಶ.

ಆಗ ಹೊಗೆಯೊಳಗಿಂದ ಒಂದು ಕೂಗು ಬಂತು.

"ಕೆಂದೀ... ಏ ಕೆಂದೀ..."

ನಾನೂ ಮಗನೂ ಒಬ್ಬರ ಮುಖ ಒಬ್ಬರು ನೋಡಿದೆವು. ಬಸ್ಸು ಪಂಚರಾಗಿ ಮೂರು ಮೈಲಿ ಆಚೆ ಕೆರೆ ಏರಿ ಮೇಲೆ ನಿಂತಿತ್ತೆಂದು ಆಮೇಲೆ ಗೊತ್ತಾಯಿತು. ಏರಿಯಿಂದ ನಮ್ಮ ದಿಕ್ಕಿಗೆ ಹೊಗೆ ಕಂಡಿದೆ. ತನ್ನ ಕೊಟ್ಟಿಗೆಗೇ ಬೆಂಕಿ ಬಿತ್ತೆಂದು ಅಂಬಕ್ಕ ಚೀಲ ಬಸ್ಸಿನಲ್ಲೇ ಬಿಟ್ಟು, ಹಾಲಿನವನ ಬೈಕು ಅಡ್ಡಹಾಕಿ ಹತ್ತಿ ಬಂದಿದ್ದಾಳೆ. ಕೊಟ್ಟಿಗೆಗೆ ಬೆಂಕಿ ಬಿದ್ದಿರಲಿಲ್ಲ. ಗೂಟದಲ್ಲಿ ಕೆಂದಿ ಇದ್ದಿದ್ದರೆ ಅವಳು ಅದನ್ನು ಹಿಡಿದುಕೊಂಡು ಹೊರಗೆ ಹೊರಟುಬಿಡುತ್ತಿದ್ದಳು. ಗೂಟ ಖಾಲಿ. ಹಸು ಬೆದರಿ ಹಗ್ಗ ಸಮೇತ ಓಡಿದೆಯೆಂದು ಅವಳು ಹೊಗೆಯೊಳಗೇ ಹುಡುಕುತ್ತಾ ನಮ್ಮ ಬದುವಿನ ತನಕ ಬಂದಿದ್ದಳು. ನಾನು ಕರುಣೆಯಿಂದ ಮಾಡಿದ ಒಂದೇ ಕೆಲಸ ಅವಳನ್ನು ಅಲ್ಲಿಗೆ ಎಳೆದು ತಂದಿತ್ತು.

ಕೂಗು ನಿಂತಿತು.

ಟವೆಲ್ ಒದ್ದೆ ಮಾಡಿ ಮುಖಕ್ಕೆ ಸುತ್ತಿಕೊಂಡು ನುಗ್ಗಿದೆ. ಬದುವಿನ ಕಳ್ಳಿ ಪಕ್ಕ ಮಂಡಿಯೂರಿ ಕೂತಿದ್ದಳು. ಬಾಯಿ ತೆರೆದಿತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ. ಸೊಂಟದ ಹತ್ತಿರ ಕೈ ಆಡುತ್ತಿತ್ತು. ಬಸ್ಸಿನಲ್ಲಿ ಕೂತಾಗ ಸೊಂಟದಿಂದ ಬಿಚ್ಚಿಟ್ಟಿದ್ದ ಎಲೆ ಅಡಿಕೆ ಚೀಲ, ಪಂಪು ಎಲ್ಲ ಅಲ್ಲೇ, ನನ್ನ ಹತ್ತು ಕಾಯಿಗಳ ಜೊತೆ. ಎತ್ತಿಕೊಂಡು ಓಡಿದೆ. ತೀರ್ಥೇಶ ಬೈಕು ತಂದ; ನಡುವೆ ಅವಳು, ಹಿಂದೆ ಅವಳನ್ನು ಅಪ್ಪಿ ಹಿಡಿದು ನಾನು. ಕಡೂರು ಬರುವ ತನಕ ಅವಳ ಬೆನ್ನು ನನ್ನ ಎದೆಗೆ ತಾಗಿತ್ತು. ಆ ಬೆನ್ನು ಏಳುತ್ತದೋ ಇಲ್ಲವೋ ಅನ್ನುವುದೊಂದೇ ನನ್ನ ಲೆಕ್ಕ.

ಆಸ್ಪತ್ರೆಯಲ್ಲಿ ಮೂಗಿಗೆ ಮಾಸ್ಕ್ ಹಾಕಿ ಔಷಧದ ಹಬೆ ಕೊಟ್ಟರು. ಸಂಜೆ ಹೊತ್ತಿಗೆ ಕಣ್ಣು ಬಿಟ್ಟು ಕೇಳಿದಳು: "ಕೆಂದಿ?"

"ನಮ್ಮ ಕೊಟ್ಟಿಗೆಲಿ ಐತಕ್ಕ. ಸುಖವಾಗೈತೆ."

"ಯಾವಾಗ ಬಿಚ್ಕೊಂಡು ಹೋದೆ?"

ಸುಳ್ಳು ಬಾಯಿ ತನಕ ಬಂತು. ನುಂಗಿದೆ. "ನೀನು ಬಸ್ಸು ಹತ್ತಿದ ಮೇಲೆ."

"ಓ. ಅದಕ್ಕೇ ಹತ್ತು ಕಾಯಿ" ಅಂದು ಗೋಡೆ ಕಡೆ ತಿರುಗಿಕೊಂಡಳು.

ಅವಳು ಆಸ್ಪತ್ರೆಯಲ್ಲಿದ್ದ ಮೂರು ದಿನ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ. ಪಡುವಣ ಅರ್ಧ ಹೊಲ ಹಾಗೇ ನಿಂತಿತ್ತು. ಎರಡನೇ ದಿನ ಕೆಂದಿ ಹೆಣ್ಣುಕರು ಹಾಕಿತು. ಮೀನಾಕ್ಷಿ ಅದಕ್ಕೆ ಬಾಣಂತನ ಮಾಡಿದಳು. ಸಸಿಯಲ್ಲಿ ಅರ್ಧ ಬಾಡಿತ್ತು. ಉಳಿದ ಅರ್ಧವನ್ನು ಸುಟ್ಟ ಕಡೆ ನೆಡಲು ನನಗೆ ಕೈ ಬರಲಿಲ್ಲ.

ಅಂಬಕ್ಕ ಮನೆಗೆ ಬಂದ ಮಾರನೇ ಬೆಳಿಗ್ಗೆ ನಾನು ಹೊಲಕ್ಕೆ ಹೋದರೆ, ಪಡುವಣ ಅರ್ಧದಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಬ್ಬಳು ದಂಟು ಕೊಯ್ಯುತ್ತಿದ್ದಳು. ನಾಲ್ಕು ದಂಟು ಕೊಯ್ಯುವುದು, ಸೊಂಟಕ್ಕೆ ಕೈ ಕೊಟ್ಟು ಉಸಿರು ತೆಗೆದುಕೊಳ್ಳುವುದು.

"ಅಕ್ಕಾ! ಏನ್ ಮಾಡ್ತಿದೀಯ? ಡಾಕ್ಟ್ರು ಏನ್ ಹೇಳಿದ್ರು ನಿನಗೆ?"

"ಮುಯ್ಯಾಳಿಗೆ ಬಂದೆ. ನಿನ್ನ ಹೆಂಡ್ತಿ ನನ್ನ ಹಸುಗೆ ಮೂರು ದಿನ ದುಡಿದವ್ಳೆ. ತೀರಿಸ್ಬೇಡ್ವಾ?"

ನಮ್ಮಲ್ಲಿ ಮುಯ್ಯಾಳು ಅಂದರೆ ಕೂಲಿ ಅಲ್ಲ. ಇವತ್ತು ನೀನು ನನಗೆ ಬಂದರೆ ನಾಳೆ ನಾನು ನಿನಗೆ. ತೀರಿಸಲು ಬಂದವರನ್ನು ವಾಪಸ್ ಕಳಿಸುವಂತಿಲ್ಲ. ಕಳಿಸಿದರೆ ಆ ಮನೆಯ ಜೊತೆ ಕೊಡುಕೊಳ್ಳುವುದು ಮುಗಿಯಿತು ಅಂತಲೇ ಅರ್ಥ. ಅದು ಗೊತ್ತಿದ್ದೇ ಅವಳು ಬಂದಿದ್ದಳು.

"ಹಂಗಾದ್ರೆ ನೆರಳಲ್ಲಿ ಕೂತ್ಕೋ. ಕೂತಿದ್ರೂ ಮುಯ್ಯಾಳೇ."

"ಕೂತು ತಿನ್ನಕ್ಕೆ ನಾನೇನು ನಿನ್ನ ಬೀಗಿತ್ತೀನಾ?" ಅಂದು ಇನ್ನೊಂದು ದಂಟಿಗೆ ಕುಡುಗೋಲು ಹಾಕಿದಳು.

ನನಗೆ ಇನ್ನೇನು ದಾರಿ? ಓಡಿ ಹೋಗಿ ಮಚ್ಚು ತಂದೆ. ಮೀನಾಕ್ಷಿ ಬಂದಳು. ತೀರ್ಥೇಶ ಅಂಬಕ್ಕನನ್ನು ಅರೆಗಳಿಗೆ ನೋಡಿ, ಫೋನ್ ತೆಗೆದು ಕ್ರಿಕೆಟ್ ಟೀಮಿಗೆಲ್ಲ ಕರೆ ಮಾಡಿದ. "ಲೇ, ಬರ್ರೋ. ಅಂಬಜ್ಜಿ ಕೊಯ್ತಾವ್ಳೆ, ನಾವು ನೋಡ್ಕೊಂಡು ನಿಂತಿದೀವಿ." ಮಧ್ಯಾಹ್ನಕ್ಕೆ ಹನ್ನೊಂದು ಜನ ಆದರು. ಅಷ್ಟು ಜನ ಸೇರಿದ ಮೇಲೆ ಅವಳೇ ತೆಂಗಿನ ನೆರಳಿಗೆ ಹೋಗಿ ಕೂತು, ಅಲ್ಲಿಂದಲೇ ಯಜಮಾನಿಕೆ ಶುರು ಮಾಡಿದಳು.

"ಉದ್ದುದ್ದ ಹಾಕ್ಬೇಡ್ರೋ. ಕಡಿದು ಮರದ ಬುಡಕ್ಕೆ ಹೊದಿಸ್ರಿ, ತೇವ ನಿಲ್ತದೆ. ಮಿಕ್ಕಿದ್ದು ನನ್ನ ತಿಪ್ಪೆ ಗುಂಡಿಗೆ ಹಾಕಿ ಗಂಜಲ ಹುಯ್ರಿ. ಏ ಬಸ್ವ, ನಾಳೆ ನೀನು ನನಗೆ ಮುಯ್ಯಾಳು, ಗುಂಡಿ ತುಂಬಿಸ್ಬೇಕು."

ಎರಡು ದಿನ ಹಿಡಿಯಿತು. ಕೈಯೆಲ್ಲ ಬೊಬ್ಬೆ. ಅಷ್ಟರಲ್ಲಿ ಇನ್ನಷ್ಟು ಸಸಿ ಬಾಡಿ, ಉಳಿದದ್ದು ಮುಕ್ಕಾಲು ಎಕರೆಗೆ ಬಂತು. ಮಿಕ್ಕ ನೆಲ ಹಾಗೇ ಬಿದ್ದಿದೆ. ಬರುವ ವರ್ಷಕ್ಕೆ ಮಿಷನ್ನಿನ ಸರದಿಯಲ್ಲಿ ಈಗಲೇ ನನ್ನ ಹೆಸರು ಬರೆದುಕೋ ಅಂತ ಕನಕರಾಜುಗೆ ಹೇಳಿಟ್ಟಿದ್ದೇನೆ.

ಕೊನೆಯ ಸಸಿ ನೆಟ್ಟು ಸೊಂಟ ಎತ್ತಿದಾಗ, ಪಂಚನಹಳ್ಳಿ ದಾರಿಯ ಕಡೆ, ಇನ್ಯಾರದೋ ಹೊಲದಿಂದ ಬಿಳಿ ಹೊಗೆ ಏಳುತ್ತಿತ್ತು. ಗಾಳಿ ನಮ್ಮ ಕಡೆಗೇ ಇತ್ತು. ಬದು ದಾಟಿ ಅವಳ ಜಗಲಿಗೆ ಹೋದೆ.

"ಅಂಬಕ್ಕ, ಹೊಗೆ ಬತ್ತೈತೆ. ಬಾಗಿಲು ಕಿಟಕಿ ಹಾಕ್ಕೊಂಡು ಒಳಗಿರು, ಪಂಪು ಕೈಲಿಟ್ಕೋ. ಕೆಂದಿ, ಕರು ಎರಡನ್ನೂ ನಮ್ಮನೆಗೆ ಹೊಡ್ಕೊಂಡು ಹೋಗಿರ್ತೀನಿ. ನಿನ್ನ ಕೇಳೇ ಬಿಚ್ತಿದೀನಿ."

"ನೀನೆಲ್ಲಿಗೆ?"

"ಆ ಹೊಲದವರು ಯಾರು ನೋಡಿ ಬತ್ತೀನಿ."

"ಬೈಬೇಡ" ಅಂದಳು. "ನಮ್ಮ ಕುಡುಗೋಲೂ ತಗೊಂಡು ಹೋಗು. ಅವ್ರಿಗೂ ಮುಯ್ಯಾಳು ಬೇಕಾದೀತು."