ಕೊನೆಯ ಮುಷ್ಟಿ

ನಾನು ಕೈಯಲ್ಲಿ ತಿರುಗಿಸುವ ಒಂದು ಕೈಮಾ ಮಿಷನ್ನು. ಹುಬ್ಬಳ್ಳಿಯ ಎರಕದ ಮನೆಯೊಂದರಲ್ಲಿ, ಮರಳಿನ ಅಚ್ಚಿನೊಳಗೆ ಕೆಂಪಗೆ ಕುದಿಯುವ ಕಬ್ಬಿಣವಾಗಿ ಬಿದ್ದು, ತಣ್ಣಗಾಗಿ ಹೊರಗೆ ಬಂದೆ. ಮೇಲೊಂದು ಅಗಲ ಬಾಯಿ, ಹೊಟ್ಟೆಯೊಳಗೆ ಒಂದು ಸುರುಳಿ, ಅದರ ತುದಿಗೆ ನಾಲ್ಕು ಅಲಗಿನ ಚಾಕು, ಮುಂದೆ ತೂತುತೂತಿನ ಬಿಲ್ಲೆ, ಹಿಂದೆ ತಿರುಗಿಸಲು ಒಂದು ಕೈ, ಮೇಜಿನ ಅಂಚನ್ನು ಕಚ್ಚಿಕೊಳ್ಳಲು ಕೆಳಗೊಂದು ತಿರುಪು. ಇಷ್ಟೇ ನಾನು. ಬಾಯಿಗೆ ಹಾಕಿದ್ದನ್ನು ಅರೆದು ಮುಂದೆ ನೂಕುವುದು ನನ್ನ ಕೆಲಸ. ಇದು ಬೇಕು, ಇದು ಬೇಡ ಅನ್ನುವ ಅಧಿಕಾರವನ್ನು ನನಗೆ ಯಾರೂ ಕೊಟ್ಟಿರಲಿಲ್ಲ.

ಮೊದಲು ನಾನು ಸೇರಿದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿದ್ದ ದಸ್ತಗೀರ್ ಸಾಬರ ಹೋಟೆಲಿಗೆ. ಆರು ಮೇಜಿನ ಹೋಟೆಲು, ಹಿಂದೆ ಮಸಿ ಹಿಡಿದ ಅಡುಗೆಮನೆ. ಬೆಳಗಾದರೆ ಕುರಿ ಮಾಂಸ, ಮಧ್ಯಾಹ್ನವಾದರೆ ಕಬಾಬಿಗೆ ಇನ್ನಷ್ಟು. ಅಲ್ಲಿಯೇ ನನಗೆ ಚಿಕ್ಕತಾಯಮ್ಮ ಸಿಕ್ಕಿದ್ದು. ನಂಜನಗೂಡಿನ ಕಡೆಯವಳು, ಪಾತ್ರೆ ತೊಳೆಯಲು ಬಂದಿದ್ದಳು. ಮೂರನೆಯ ದಿನವೇ ಸಾಬರು ಅವಳನ್ನು ನನ್ನ ಮುಂದೆ ನಿಲ್ಲಿಸಿ ಹೇಳಿಕೊಟ್ಟರು.

"ನೋಡು ತಾಯಮ್ಮ, ಕೈಮಾ ಮುಗಿದ ಮೇಲೆ ನೀರು ಹುಯ್ಯಬೇಡ. ಒಂದು ಈರುಳ್ಳಿ ಹಾಕಿ ತಿರುಗಿಸು. ಹೊಟ್ಟೆಯಲ್ಲಿ ಸಿಕ್ಕಿಕೊಂಡಿರೋದನ್ನೆಲ್ಲಾ ಅದು ತಳ್ಳಿಕೊಂಡು ಬರುತ್ತೆ. ವಾಸನೇನೂ ಹೋಗುತ್ತೆ. ಆಮೇಲೆ ಬಿಸಿನೀರು."

"ಕೊನೇಲಿ ಬರುತ್ತಲ್ಲ ಸಾಬರೆ, ಅದನ್ನ ಏನ್ಮಾಡ್ಲಿ?"

"ಕೊನೇ ಮುಷ್ಟಿ ತೊಳೆಯೋರದು. ನಮ್ಮಪ್ಪನ ಕಾಲದಿಂದ ಹಾಗೇ. ಮನೆಗೆ ತಗೊಂಡು ಹೋಗು."

ಹೀಗೆ ಇಪ್ಪತ್ತೆರಡು ವರ್ಷ. ದಿನಾ ಕೊನೆಗೆ ಒಂದು ಈರುಳ್ಳಿ, ದಿನಾ ಒಂದು ಮುಷ್ಟಿ, ಮುತ್ತುಗದ ಎಲೆಯಲ್ಲಿ ಸುತ್ತಿ ಸೆರಗಿನ ಮರೆಯಲ್ಲಿ. ಅದರಿಂದ ಅವಳ ಮನೆಯ ಸಾರಿಗೆ ಒಂದಿಷ್ಟು ರುಚಿ. ಈರುಳ್ಳಿಯನ್ನು ಅವಳು ಪದಾರ್ಥವೆಂದು ಎಣಿಸುತ್ತಲೇ ಇರಲಿಲ್ಲ. ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಹೇಗೋ, ನನಗೆ ಈರುಳ್ಳಿ ಹಾಗೆ. ಚೊಂಬು ತಿಕ್ಕಿದವಳು ಅಡುಗೆಗೆ ಹುಣಸೆ ಹಾಕಿದೆ ಅಂದುಕೊಳ್ಳುತ್ತಾಳೆಯೇ?

ಸಾಬರಿಗೆ ವಯಸ್ಸಾಯಿತು. ಹೋಟೆಲು ಅಳಿಯನ ಕೈಗೆ ಹೋಯಿತು, ಕರೆಂಟಿನ ಮಿಷನ್ನು ಬಂತು. ಸಾಬರು ನನ್ನನ್ನು ಹಳೆಯ ಟವೆಲಿನಲ್ಲಿ ಸುತ್ತಿ ಚಿಕ್ಕತಾಯಮ್ಮನಿಗೆ ಕೊಟ್ಟರು. "ನಿನ್ನ ಕೈಗೆ ಪಳಗಿದೆ, ಇಟ್ಟುಕೋ" ಅಂದರು. ಅವಳಿಗಾಗಲೇ ಐವತ್ತೈದು ದಾಟಿತ್ತು. ಕೈಗೆ ಕೆಲಸವಿಲ್ಲದೆ ನಾಲ್ಕು ತಿಂಗಳು ಕೂತಳು. ನಾನೂ ಅವಳ ಮಂಚದ ಕೆಳಗೆ ಕೂತೆ.

ಆಮೇಲೆ ನಾವಿಬ್ಬರೂ ಹೋದದ್ದು ಇಂದುಕಲಾ ಅರಸ್ ಅವರ ಮನೆಗೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರಾಗಿದ್ದು ನಿವೃತ್ತರಾದವರು. ಮನೆಯಲ್ಲಿ ಅವರು, ಅವರ ಬುಗುರಿ. ಬುಗುರಿ ಅಂದರೆ ನಾಯಿ. ಬೆಕ್ಕಿಗಿಂತ ಒಂದು ಸುತ್ತು ದೊಡ್ಡದು, ಕಂದು ಬಣ್ಣ. ಊಟದ ತಟ್ಟೆ ಕಂಡರೆ ನಿಂತಲ್ಲೇ ಗಿರಗಿರ ಸುತ್ತುತ್ತಿತ್ತು, ಅದಕ್ಕೇ ಆ ಹೆಸರು. ಅಂಗಡಿಯಿಂದ ತರುವ ಒಣ ಆಹಾರ ಅದಕ್ಕೆ ಒಗ್ಗದೆ ಮೈಯೆಲ್ಲಾ ಕೆರೆದುಕೊಂಡು ಕೂದಲುದುರಿಸಿಕೊಂಡಿತ್ತು. ಮನೆಯಲ್ಲೇ ಮಾಡಿ ಹಾಕಿ ನೋಡಿ ಎಂದು ಪಶುವೈದ್ಯರು ಹೇಳಿದ್ದರು. ಬೆಳಗ್ಗೆ ಕೋಳಿಯ ಕತ್ತು, ಗುಂಡಿಗೆ, ಕಂದನಕಾಯಿ, ಎಲ್ಲ ಹಸಿಯಾಗಿಯೇ ಅರೆದು. ಸಂಜೆ ಸಿಹಿಗುಂಬಳ, ಕ್ಯಾರೆಟ್ಟು, ಒಂದಿಷ್ಟು ಅನ್ನ, ಮೊಟ್ಟೆ.

ಮೊದಲ ದಿನ ಚಿಕ್ಕತಾಯಮ್ಮ ಮೂಗಿನ ಮೇಲೆ ಬೆರಳಿಟ್ಟಳು.

"ಹಸೀದಾ ಅಮ್ಮಣ್ಣಿಯೋರೆ? ನೀವು ಸಾಕಿರೋದು ನಾಯೀನೋ ಹುಲೀನೋ?"

"ಹುಲೀನೇ ಅಂದುಕೊಂಡಿದೆ ಅದು. ನೀವು ಹೇಳಿ ಅದರ ಮನಸ್ಸು ನೋಯಿಸಬೇಡಿ."

"ಉಪ್ಪಿಲ್ಲ, ಖಾರ ಇಲ್ಲ. ಬಾಣಂತಿಗೂ ಇಷ್ಟು ಪಥ್ಯ ಇಲ್ಲ ಕಣ್ರವ್ವ."

ಏನೇನು ಹಾಕಬಾರದು ಎಂದು ಡಾಕ್ಟರು ಬರೆದುಕೊಟ್ಟ ಚೀಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿತ್ತು. ಚಿಕ್ಕತಾಯಮ್ಮನಿಗೆ ಓದಲು ಬಾರದು. ಇಂದುಕಲಾ ಎರಡು ಸಲ ಓದಿ ಹೇಳಿದರು. ಮೂರನೆಯ ಸಲ ಅವಳೇ ಒಪ್ಪಿಸಿದಳು. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ದ್ರಾಕ್ಷಿ ಇಲ್ಲ, ಚಾಕೊಲೇಟು ಇಲ್ಲ, ಬೆಂದ ಮೂಳೆ ಇಲ್ಲ. ಒಂದೂ ತಪ್ಪಲಿಲ್ಲ.

ಹಿತ್ತಲ ವರಾಂಡದ ಮೇಜಿಗೆ ನನ್ನನ್ನು ಬಿಗಿದಳು. ಮಾಂಸ ಅರೆದು ಬುಗುರಿಯ ತಟ್ಟೆಗೆ ಹಾಕುವಳು. ತಟ್ಟೆ ಕೆಳಗಿಟ್ಟ ಮೇಲೆ ನನಗೊಂದು ಈರುಳ್ಳಿ. ಕೊನೆಯ ಮುಷ್ಟಿ ಎಲೆಗೆ, ಎಲೆ ಸೆರಗಿಗೆ. ಹೀಗೆ ಏಳು ತಿಂಗಳು ನಡೆಯಿತು. ಬುಗುರಿಯ ಮೈಮೇಲೆ ಹೊಸ ಕೂದಲು ಬಂತು. ಅವಳು ನನ್ನ ಕೈ ತಿರುಗಿಸುವಾಗ ಅದು ಅವಳ ಪಾದದ ಮೇಲೆ ಗದ್ದವಿಟ್ಟು ಮಲಗುತ್ತಿತ್ತು. ಮಕ್ಕಳಿಲ್ಲದ ಹೆಂಗಸು, ಅಷ್ಟು ಹೊತ್ತು ಕಾಲು ಅಲುಗಿಸುತ್ತಿರಲಿಲ್ಲ.

ಆಗ ಇಂದುಕಲಾ ಅವರ ಅಕ್ಕ ಲೀಲಾಜಮ್ಮಣ್ಣಿ ಬಂದರು. ಕಣ್ಣಿನ ಆಪರೇಷನ್ನು ಮಾಡಿಸಿಕೊಂಡು ಒಂದೆರಡು ತಿಂಗಳು ತಂಗಿಯ ಮನೆಯಲ್ಲಿರಲು ಬಂದವರು. ಕಪ್ಪು ಕನ್ನಡಕ ತೆಗೆದ ಮಾರನೆಯ ದಿನ ವರಾಂಡಕ್ಕೆ ಬಂದು ನಿಂತರು.

"ಏನ್ ತಾಯಮ್ಮ ಅದು, ಎಲೇಲಿ?"

"ಕೊನೇ ಮುಷ್ಟಿ ಕಣ್ರವ್ವ. ಮಿಷನ್ ತೊಳೆಯೋವಾಗ ಬರುತ್ತಲ್ಲ, ಅದು."

"ಅದು ನಿನ್ನ ಸೆರಗಿಗೆ ಯಾಕೆ ಹೋಗುತ್ತೆ?"

"ತೊಳೆಯೋರದು ಅದು. ಮೊದಲಿಂದ್ಲೂ."

"ಚೆನ್ನಾಗಿದೆ. ಮನುಷ್ಯರ ತಟ್ಟೆಯಿಂದ ಕದಿಯೋರನ್ನ ನೋಡಿದ್ದೆ. ನಾಯಿ ತಟ್ಟೆಗೂ ಕೈ ಹಾಕೋರನ್ನ ಇವತ್ತು ನೋಡಿದೆ." ಒಳಗೆ ತಿರುಗಿ ಕೂಗಿ ಹೇಳಿದರು, "ಇಂದೂ, ಬಾ ಇಲ್ಲಿ. ನಿನ್ನ ನಾಯಿಗೆ ತರಿಸಿದ ಮಾಂಸ ಎಲ್ಲಿಗೆ ಹೋಗುತ್ತೆ ನೋಡು."

ಇಂದುಕಲಾ ಬಾಗಿಲಿಗೆ ಬಂದರು. ಎಲೆಯನ್ನು ನೋಡಿದರು, ಅಕ್ಕನನ್ನು ನೋಡಿದರು. ಏಳು ತಿಂಗಳಿಂದ ಆ ಎಲೆ ಅವರ ಕಣ್ಣಿಗೆ ಬೀಳದೆ ಇರಲಿಲ್ಲ. ಹೋಗಲಿ ಬಿಡಕ್ಕ ಎಂದು ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಆಡಲಿಲ್ಲ. ಹಾಲು ಉಕ್ಕುತ್ತೆ ಎಂದು ಒಳಗೆ ಹೋದರು.

ಚಿಕ್ಕತಾಯಮ್ಮ ಎಲೆ ಬಿಚ್ಚಿದಳು. ಕಣ್ಣಿಗೆ ಕಂಡ ಬಿಳಿ ಚೂರುಗಳನ್ನು ಆರಿಸಿ ಎಸೆದಳು, ಉಳಿದದ್ದನ್ನು ಬುಗುರಿಯ ತಟ್ಟೆಗೆ ಬಡಿದಳು. ಅದು ಮತ್ತೊಂದು ಸುತ್ತು ಸುತ್ತಿ, ನೆಕ್ಕಿ ತಟ್ಟೆ ಬೆಳ್ಳಗೆ ಮಾಡಿತು.

ಅಂದಿನಿಂದ ಒಂದು ಚೂರೂ ಆ ಮನೆಯಿಂದ ಹೊರಗೆ ಹೋಗಲಿಲ್ಲ. ನಿತ್ಯ ಬೆಳಗ್ಗೆ ಅಕ್ಕತಂಗಿಯರನ್ನು ಕರೆದು, ಬಂದು ನೋಡ್ರವ್ವ ಎನ್ನುತ್ತಾ ಅವರೆದುರಿಗೇ ಕೊನೆಯ ಮುಷ್ಟಿಯನ್ನು ತಟ್ಟೆಗೆ ಹಾಕುತ್ತಿದ್ದಳು. ಬಿಳಿ ಚೂರು ಆರಿಸುತ್ತಿದ್ದಳು, ನಿಜ. ಆದರೆ ಈರುಳ್ಳಿಯನ್ನು ನಾನು ಹೇಗೆ ಅರೆಯುತ್ತೇನೆಂಬುದು ನನಗೆ ಗೊತ್ತು. ಕೈಗೆ ಸಿಗುವುದು ಸಿಪ್ಪೆಯಂಥ ನಾಲ್ಕು ಎಳೆ, ಉಳಿದದ್ದೆಲ್ಲ ರಸವಾಗಿ ಮಾಂಸದಲ್ಲಿ ಇಳಿದಿರುತ್ತದೆ.

ಎರಡು ವಾರಕ್ಕೆ ಬುಗುರಿ ಸುತ್ತುವುದನ್ನು ನಿಲ್ಲಿಸಿತು. ಮೂರನೆಯ ವಾರ ಮೆಟ್ಟಿಲು ಹತ್ತಲಾರದೆ ಕೆಳಗೇ ನಿಂತು ಮೇಲೆ ನೋಡತೊಡಗಿತು. ವಸಡು ಸುಣ್ಣದ ಹಾಗಾಯಿತು. ಉಚ್ಚೆ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಡಾಕ್ಟರಿಗೆ ಉಣ್ಣಿ ಜ್ವರದ ಅನುಮಾನ ಬಂದು ಸೂಜಿ ಹಾಕಿದರು. ಹಾಕಬಾರದ್ದೇನಾದರೂ ಹಾಕಿದಿರಾ ಎಂದು ಅವರು ಕೇಳಿದ್ದಕ್ಕೆ ಚಿಕ್ಕತಾಯಮ್ಮ ಆ ಚೀಟಿಯನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸಿದಳಂತೆ. ಹಸಿ ಮಾಂಸ, ಮಿಷನ್ನು ಶುಚಿಯಾಗಿರಲಿ ಎಂದು ಅವರು ಹೇಳಿ ಕಳಿಸಿದರು.

ಮಾರನೆಯ ದಿನದಿಂದ ನನಗೆ ಎರಡು ಈರುಳ್ಳಿ.

"ಹೊಟ್ಟೆಗೆ ಸರಿಯಾಗಿ ಬಿದ್ದಿದ್ದರೆ ಹೀಗ್ಯಾಕೆ ಬಡವಾಗೋದು?" ಎಂದರು ಲೀಲಾಜಮ್ಮಣ್ಣಿ, ಯಾರಿಗೆಂದಿಲ್ಲದೆ. "ಏಳು ತಿಂಗಳು ಕದ್ದು ತಿಂದಿದ್ದು ಈಗ ತೋರಿಸ್ತಿದೆ."

ಚಿಕ್ಕತಾಯಮ್ಮ ನೆಲಕ್ಕೆ ಕೂತು, ತಟ್ಟೆಯ ಮಾಂಸವನ್ನು ಬೆರಳಲ್ಲಿ ತೆಗೆದು ಒಂದೊಂದೇ ಚಿಟಿಕೆ ನಾಯಿಯ ಬಾಯಿಗೆ ಇಟ್ಟಳು. "ತಿನ್ನು ನನ್ನವ್ವ. ನೀನು ಎದ್ದು ಓಡಾಡಿದರೆ ನನ್ನ ಮಾನ ಉಳೀತದೆ. ತಿನ್ನು." ಅವಳು ಕೊಟ್ಟದ್ದನ್ನು ಅದು ಬೇಡ ಅನ್ನದು. ಕಣ್ಣು ಮುಚ್ಚಿಕೊಂಡೇ ನುಂಗಿತು.

ನಾನು ಮೇಜಿನ ಅಂಚನ್ನು ಕಚ್ಚಿಕೊಂಡು ಮೇಲಿಂದ ನೋಡುತ್ತಿದ್ದೆ. ಸುರುಳಿ ಮುರಿಯಲಿ, ಚಾಕು ಮೊಂಡಾಗಲಿ ಎಂದು ಬಯಸಿದೆ. ಆದರೆ ಅವಳು ನನ್ನನ್ನು ಬಹಳ ಚೆನ್ನಾಗಿ ನೋಡಿಕೊಂಡಿದ್ದಳು. ಎಣ್ಣೆ ಬಿಟ್ಟಂತೆ ತಿರುಗಿದೆ.

ನಾಯಿಯನ್ನು ಎತ್ತಿ ಒಯ್ಯುವ ಸ್ಥಿತಿ ಇಲ್ಲವೆಂದಾಗ ಡಾಕ್ಟರೇ ಮನೆಗೆ ಬಂದರು. ವರಾಂಡದಲ್ಲಿ ಗೋಣಿಯ ಮೇಲೆ ಮಲಗಿಸಿ ಗ್ಲೂಕೋಸ್ ಹಾಕುತ್ತಿದ್ದರು. ಅಕ್ಕತಂಗಿಯರು ಬಾಗಿಲಲ್ಲಿ ನಿಂತಿದ್ದರು. ಈ ಕಡೆ ಚಿಕ್ಕತಾಯಮ್ಮ ಕೆಲಸ ಮುಗಿಸುತ್ತಿದ್ದಳು. ಎರಡನೆಯ ಈರುಳ್ಳಿ ನನ್ನ ಬಾಯಿಗೆ ಬೀಳುವ ಹೊತ್ತಿಗೆ ಡಾಕ್ಟರು ತಲೆ ಎತ್ತಿದರು.

"ಅದೇನಮ್ಮ, ಈರುಳ್ಳಿನಾ?"

"ಊಟಕ್ಕಲ್ಲ ಸ್ವಾಮಿ, ಮಿಷನ್ನಿಗೆ. ಶುಚಿ ಮಾಡಕ್ಕೆ."

"ಅದರ ಜೊತೆ ಬರೋ ಮಾಂಸ?"

"ಎಲ್ಲಾ ಅದಕ್ಕೇ ಹಾಕ್ತೀನಿ. ಒಂದು ಚೂರೂ ಮನೆಗೆ ಒಯ್ಯಲ್ಲ. ಇವರನ್ನೇ ಕೇಳಿ."

ಡಾಕ್ಟರು ಕೆಳಗಿದ್ದ ತಟ್ಟೆಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದರು. ತುಂಬ ಹೊತ್ತು ಹಿಡಿದೇ ಇದ್ದರು.

"ಯಾವಾಗಿಂದ ಹಾಕ್ತಿದೀರಿ?"

"ತಿಂಗಳಾಯ್ತು."

"ಅದಕ್ಕೆ ಮುಂಚೆ?"

"ಮುಂಚೆ..." ಅವಳು ಲೀಲಾಜಮ್ಮಣ್ಣಿಯನ್ನು ನೋಡಿದಳು. "ಮುಂಚೆ ನಾನು ತಗೊಂಡು ಹೋಗ್ತಿದ್ದೆ."

ಡಾಕ್ಟರು ಮೆಲ್ಲನೆ ಹೇಳಿದರು: ಇಷ್ಟು ಚಿಕ್ಕ ನಾಯಿ, ದಿನಾ ಸ್ವಲ್ಪಸ್ವಲ್ಪ ಆದರೂ ಈರುಳ್ಳಿ ರಕ್ತವನ್ನು ಒಳಗೇ ಒಡೆದುಹಾಕುತ್ತದೆ, ಬೇಯಿಸಿದರೂ ಅಷ್ಟೇ, ಹಸಿಯಾದರೂ ಅಷ್ಟೇ. ಉಣ್ಣಿ ಜ್ವರವೆಂದು ತಾನೂ ಎಡವಿದೆ ಎಂದರು. ಬೇರೆ ನಾಯಿಯ ರಕ್ತ ಹಾಕಿಸಲು ಫೋನ್ ಮೇಲೆ ಫೋನ್ ಮಾಡಿದರು. ರಕ್ತ ಸಿಗುವ ಮೊದಲೇ, ಮೂರನೆಯ ದಿನ ಬೆಳಗ್ಗೆ, ಅವಳ ಪಾದದ ಮೇಲೆ ಗದ್ದವಿಟ್ಟುಕೊಂಡೇ ಬುಗುರಿ ಹೋಯಿತು. ಆಗಲೂ ಅವಳು ಕಾಲು ಅಲುಗಿಸಲಿಲ್ಲ.

ಹಿತ್ತಲಲ್ಲಿ ಹೂಳಿ ಬಂದ ಮೇಲೆ ಇಂದುಕಲಾ ಅವಳ ಪಕ್ಕದಲ್ಲಿ ನೆಲದ ಮೇಲೆಯೇ ಕೂತರು. ಅಕ್ಕ ರೂಮಿನ ಬಾಗಿಲು ಹಾಕಿಕೊಂಡಿದ್ದರು.

"ನಿಮ್ಮ ತಪ್ಪಲ್ಲ ತಾಯಮ್ಮ. ನೀವು ಗೊತ್ತಿದ್ದು ಮಾಡಿದ್ದಲ್ಲ."

"ಅವತ್ತು ಅವರು ಕಳ್ಳಿ ಅಂದಾಗ ನೀವು ಹಾಲು ನೋಡಕ್ಕೆ ಹೋದ್ರಿ."

ಇಂದುಕಲಾ ಬುಗುರಿಯ ಖಾಲಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ನಿಮ್ಮನ್ನ ಅಂದು ಏನ್ ಮಾಡ್ಲಿ ಅಮ್ಮಣ್ಣಿಯೋರೆ. ನಾನು ಕಳ್ಳಿ ಅನ್ನಿಸಿಕೊಂಡೇ ಇದ್ದುಬಿಡಬೇಕಿತ್ತು. ಅದು ಬದುಕಿಕೊಳ್ತಿತ್ತು. ನನಗೆ ನನ್ನ ಮಾನವೇ ದೊಡ್ಡದಾಗೋಯ್ತು."

ನನ್ನ ತಿರುಪು ಬಿಚ್ಚಿದಳು. ಅದೇ ಮೊದಲ ಸಲ ತೊಳೆಯದೆ ಚೀಲಕ್ಕೆ ಹಾಕಿದಳು. ದಾರಿಯಲ್ಲಿ ಒಂದು ಗುಜರಿ ಅಂಗಡಿಯ ಮುಂದೆ ಇಳಿಸಿದಳು. ಮಾಲು ಚೆನ್ನಾಗಿದೆಯಲ್ಲಮ್ಮ, ಯಾವುದಾದರೂ ಹೋಟೆಲಿನವರು ಕೊಳ್ಳುತ್ತಾರೆ ಎಂದ ಅಂಗಡಿಯವನು. ಬೇಡ, ಒಡೆದುಹಾಕಪ್ಪ ಎಂದಳು. ಎರಕದ ಕಬ್ಬಿಣ ಬಗ್ಗುವುದಿಲ್ಲ, ಒಡೆಯುತ್ತದೆ. ಎರಡನೆಯ ಪೆಟ್ಟಿಗೆ ನನ್ನ ಬಾಯಿ ಎರಡು ಹೋಳಾಯಿತು. ಅಲ್ಲಿಯವರೆಗೆ ಅವಳು ನಿಂತು ನೋಡಿದಳು.

ಈಗ ನಾನು ತುಕ್ಕು ಹಿಡಿದ ಸೈಕಲ್ ರಿಮ್ಮುಗಳ ನಡುವೆ ಬಿದ್ದಿದ್ದೇನೆ. ಕರಗಿಸುವ ಲಾರಿ ಇನ್ನೂ ಬಂದಿಲ್ಲ. ಇಷ್ಟು ವರ್ಷ ಎಷ್ಟೋ ಜನರ ಊಟ ನನ್ನ ಮೂಲಕ ಹಾದುಹೋಗಿದೆ. ಒಂದನ್ನೂ ತಡೆಯಲಾರದೆ ಹೋದೆ ಎಂಬುದೊಂದೇ ನನ್ನಲ್ಲಿ ಉಳಿದಿರುವುದು. ಚಿಕ್ಕತಾಯಮ್ಮ ಬೇರೆ ಯಾವುದೋ ಮನೆಗೆ ಪಾತ್ರೆ ತೊಳೆಯಲು ಇದೇ ರಸ್ತೆಯಲ್ಲಿ ಓಡಾಡುತ್ತಾಳೆ. ನನ್ನ ಕಡೆ ನೋಡುವುದಿಲ್ಲ. ನಿನ್ನೆ ಗುಜರಿಯವನ ಹೆಂಡತಿ ಅವಳನ್ನು ಕರೆದು, ಇಡ್ಲಿ ಮಿಕ್ಕಿದೆ ಕಣಕ್ಕ, ಒಂದೆರಡು ಕಟ್ಟಿಕೊಡಲಾ ಎಂದಳು. ಚಿಕ್ಕತಾಯಮ್ಮ ನಿಂತಳು. ಬೇಡ ಕಣವ್ವ ಎಂದು, ಯಾರೋ ತನ್ನನ್ನು ತಪಾಸಣೆ ಮಾಡುತ್ತಿದ್ದಾರೆ ಎಂಬಂತೆ ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು, ಹಾಗೇ ನಡೆದುಹೋದಳು.