ಅತ್ತೆಗೆ ಕಾಣುವ ಮಾತು

"ಅತ್ತೆ, ಆ ನಾಟಕದ ಒಂದೊಂದು ಮಾತನ್ನೂ ಟಿವಿ ಮೇಲೆ ಅಕ್ಷರದಲ್ಲಿ ತೋರಿಸ್ತೀನಿ, ಕೊನೇ ಮಾತಿನವರೆಗೂ" ಎಂದು ನಾನು ಮಾತು ಕೊಟ್ಟಾಗ ನನ್ನ ಮಗಳು ಗುಬ್ಬಿ ಎರಡನೇ ಕ್ಲಾಸಿನಲ್ಲಿದ್ದಳು. ಈಗ ಒಂಬತ್ತನೇ ಕ್ಲಾಸಿಗೆ ಬಂದಿದ್ದಾಳೆ. ಮಾತು ಇದ್ದಲ್ಲೇ ಇತ್ತು.

ಅತ್ತೆ, ಅಂದರೆ ನನ್ನ ಗಂಡನ ತಾಯಿ, ಪ್ರಾಯವನ್ನೆಲ್ಲ ನೂಲಿನ ಗಿರಣಿಯಲ್ಲಿ ಕಳೆದು ಕಿವಿಯನ್ನು ಅಲ್ಲೇ ಬಿಟ್ಟು ಬಂದವರು. ಸಣ್ಣ ಮಾತನ್ನು ತುಟಿ ನೋಡಿ ಹಿಡಿಯುತ್ತಾರೆ, ಉದ್ದದ್ದಾದರೆ ಅರ್ಧ ದಾರಿಯಲ್ಲೇ ಕೈತಪ್ಪುತ್ತದೆ. ಕಿವಿಗೆ ಹಾಕುವ ಮಿಷಿನ್ನು ಗಿರಣಿಯ ಗದ್ದಲವನ್ನೇ ವಾಪಸು ತಂದಿತಂತೆ. ಅದು ಡ್ರಾಯರಿನಲ್ಲಿ ಮಲಗಿದೆ.

ಶಾಲೆಯ ಆ ನಾಟಕದಲ್ಲಿ ಗುಬ್ಬಿ ಸೌದೆ ಕಡಿಯುವವನ ತಾಯಿ. ನಾಟಕದ ನಡುವೆ ಅವಳು ಸಾಯಬೇಕು, ಸತ್ತಳು. ಸಭೆಯೆಲ್ಲ ಉಸಿರು ಬಿಗಿಹಿಡಿದು ಕೂತಿತ್ತು. ಮೊದಲ ಸಾಲಿನಲ್ಲಿದ್ದ ಅತ್ತೆ ಗೊಳ್ಳೆಂದು ನಕ್ಕರು. ತಮ್ಮ ನಗು ಎಷ್ಟು ದೊಡ್ಡದೆಂದು ಅವರಿಗೆ ತಿಳಿಯುವುದಿಲ್ಲ. ಅವರ ಬೆನ್ನಿಗೇ ಇಡೀ ಸಭೆ ನಕ್ಕಿತು. ಸತ್ತ ತಾಯಿ ಎದ್ದು ಅಳುತ್ತಾ ಒಳಗೆ ಓಡಿದಳು.

ಮನೆಗೆ ಬಂದ ಮೇಲೆ ಅತ್ತೆ ಕೇಳಿದರು, "ಮಗು ಯಾಕೆ ಮುಖ ತಿರುಗಿಸ್ತಿದೆ?"

"ನಗಬಾರದ ಕಡೆ ನಕ್ಬಿಟ್ರಿ ಅತ್ತೆ. ಪಾಪ, ನಿಮಗೆ ಕೇಳಿಸಲಿಲ್ಲ."

ನನ್ನ ತುಟಿಯನ್ನೇ ನೋಡುತ್ತಿದ್ದರು. "ಹೌದಾ? ಹಾಗಾದ್ರೆ ಅಲ್ಲೇನು ಮಾತಾಡ್ತಿದ್ರು?"

ಆಗ ಕೊಟ್ಟ ಮಾತು ಅದು. ಗುಬ್ಬಿ ಆಮೇಲೆ ಶಾಲೆಯ ಒಂದು ಕಾರ್ಯಕ್ರಮಕ್ಕೂ ಅಜ್ಜಿಯನ್ನು ಕರೆಯಲಿಲ್ಲ. ಇಬ್ಬರಿಗೂ ಒಂದೇ ರೂಮು, ಒಂದೇ ಬೀರು. ಮಾತು ಮಾತ್ರ ಟವೆಲ್ಲು, ನೀರು, ಫ್ಯಾನು ಇಷ್ಟಕ್ಕೇ.

ಈಗ ಭಾವ, ಅಂದರೆ ನನ್ನ ಗಂಡನ ಅಣ್ಣ, ಫೋನು ಮಾಡಿ, ಭಾನುವಾರ ಬಂದು ಅಮ್ಮನನ್ನು ತಮ್ಮ ಮನೆಗೆ ಕರೆದುಕೊಂಡು ಹೋಗುವುದಾಗಿ ಹೇಳಿದರು. ಅವರದು ನೆಲಮಹಡಿ, ಅತ್ತೆಯ ಮಂಡಿಗೆ ನಮ್ಮ ಮೆಟ್ಟಿಲು ಆಗದು. ಯಾರೂ ಬೇಡವೆನ್ನುವ ಹಾಗಿರಲಿಲ್ಲ. ಆದರೆ ಬಟ್ಟೆ ಮಡಿಸುತ್ತಿದ್ದ ಅತ್ತೆ ನನ್ನ ಸೆರಗು ಹಿಡಿದು ನಿಲ್ಲಿಸಿದರು.

"ಆ ನಾಟಕ ತೋರಿಸ್ತೀನಿ ಅಂದಿದ್ಯಲ್ಲ? ಆ ಹುಡುಗಿಗೆ ನನ್ನ ಮೇಲೆ ಯಾಕಿಷ್ಟು ಕೋಪ ಅಂತ ತಿಳ್ಕೊಂಡಾದ್ರೂ ಹೋಗ್ತೀನಿ ಕಣೇ."

ವೀಡಿಯೊ ಪೆನ್‌ಡ್ರೈವಿನಲ್ಲಿತ್ತು, ಆದರೆ ನಮ್ಮ ಹಳೇ ಟಿವಿ ಪೆನ್‌ಡ್ರೈವನ್ನು ಕಂಡರೆ ಮುಖ ಸಿಂಡರಿಸುತ್ತದೆ. ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ತಮ್ಮ ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡದೊಂದು ಡಬ್ಬಿ ಕಳಿಸಿದ. "ಇದೂ ಕಂಪ್ಯೂಟರೇ ಅಕ್ಕಾ. ಲಿನಕ್ಸ್ ಹಾಕಿದೀನಿ. ಟಿವಿಗೆ ಚುಚ್ಚು, ಕೀಬೋರ್ಡ್ ಚುಚ್ಚು, ಪಾಸ್‌ವರ್ಡ್ ಹೊಡಿ, ಮುಗೀತು."

ಅವನಿಗೆ ಎಲ್ಲವೂ ಮುಗಿಯುತ್ತದೆ.

ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಊಟದ ಬಿಡುವಿನಲ್ಲಿ ಮಡಿಸಿದ ಹಾಸಿಗೆ ಬಟ್ಟೆಗಳ ಪಕ್ಕ ಕೂತು, ತಮ್ಮ ಫೋನಿಗೂ ಹಾಕಿಕೊಟ್ಟಿದ್ದ ನಾಟಕವನ್ನು ಕೇಳಿ ಕೇಳಿ, ಯಾವ ಮಾತು ಯಾವಾಗ ಶುರು, ಯಾವಾಗ ಮುಗಿಯಿತು ಎಂದು ಟೈಪು ಮಾಡಿದೆ. ಅಷ್ಟು ನನಗೆ ಅರ್ಥವಾಯಿತು. ಅರ್ಥವಾದದ್ದು ಅಷ್ಟೇ.

ಡಬ್ಬಿಯನ್ನು ಟಿವಿಗೆ ಜೋಡಿಸಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಗೂಡು ಕೆದಕಿದ ಇರುವೆಗಳ ಹಾಗೆ ಹರಿದುಹೋದವು. ಕೊನೆಗೆ ಪಾಸ್‌ವರ್ಡ್ ಕೇಳಿತು. ಹೊಡೆದೆ. ಪರದೆಯ ಮೇಲೆ ಒಂದು ಚುಕ್ಕೆಯೂ ಬರಲಿಲ್ಲ. ಕೀಬೋರ್ಡು ಸತ್ತಿದೆ ಎಂದುಕೊಂಡು ಪಕ್ಕದ ಮನೆಯಿಂದ ಇನ್ನೊಂದು ತಂದೆ. ಅದೂ ಸತ್ತಿತ್ತು. ತಮ್ಮನಿಗೆ ಫೋನು ಮಾಡಿದೆ.

"ಪಾಸ್‌ವರ್ಡ್ ಹೊಡೆದ್ರೆ ಕಾಣಲ್ಲ ಅಕ್ಕಾ. ಯಾರೂ ನೋಡ್ಬಾರದು ಅಂತ."

"ಹೊಡೀತಿರೋಳು ನಾನೇ ಅಲ್ವೇನೋ! ನನಗೂ ತೋರಿಸ್ಬಾರದಾ?"

"ನಂಬಿಕೆ ಇಟ್ಟು ಹೊಡಿ. ಆಮೇಲೆ ಎಂಟರ್."

ನಂಬಿ ಹೊಡೆದೆ. ತೆರೆಯಿತು. ಯಾಕೆ ತೆರೆಯಿತು, ಮೊದಲು ಯಾಕೆ ತೆರೆಯಲಿಲ್ಲ, ಎರಡೂ ತಿಳಿಯಲಿಲ್ಲ. ಅವನು ಹೇಳಿದ ಸಾಲುಗಳನ್ನು ಒಂದೊಂದೇ ಅಕ್ಷರ ಕೇಳಿಕೊಂಡು ಬರೆದು ವೀಡಿಯೊ ತೋರಿಸುವ ಪ್ರೋಗ್ರಾಂ ಹಾಕಿದೆ. ಗುಬ್ಬಿ ತಟ್ಟೆ ಹಿಡಿದು ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ಅಮ್ಮಾ, ಆ ದರಿದ್ರ ನಾಟಕ ಬಿಟ್ರೆ ಬೇರೇನೂ ಸಿಗಲಿಲ್ವಾ?"

ಚಿತ್ರ ಬಂತು. ಶಬ್ದ ಬರಲಿಲ್ಲ. ಶಬ್ದ ಟಿವಿಗೆ ಹೋಗದೆ ಡಬ್ಬಿಯ ಇನ್ಯಾವುದೋ ತೂತಿನಿಂದ ಹೊರಗೆ ಹೋಗುತ್ತಿದೆಯಂತೆ. ಅದನ್ನು ಟಿವಿಯ ಕಡೆ ತಿರುಗಿಸಲು ಎರಡು ಸಂಜೆ ಒದ್ದಾಡಿದೆ. ಒಮ್ಮೆ ಚಿತ್ರವೇ ಮಾಯವಾಯಿತು. ಕೊನೆಗೆ ಸೌದೆಯವನು ಗಂಟಲು ಹರಿದುಕೊಂಡು ಕೂಗಿದಾಗ ನಾನು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದೆ. ಲಿಫ್ಟ್ ರಿಪೇರಿ ಮುಗಿಸಿ ಬಂದ ನನ್ನ ಗಂಡ ಬೂಟು ಬಿಚ್ಚುತ್ತಾ ಕೇಳಿದರು:

"ಅಲ್ವೇ, ಇದು ಅಮ್ಮನಿಗೆ ತಾನೆ? ಅವಳಿಗೆ ಶಬ್ದ ಯಾಕೆ?"

ನಾನು ಕೂತುಬಿಟ್ಟೆ. ಎರಡು ಸಂಜೆ! ಅತ್ತೆ ನನ್ನ ಪಕ್ಕದಲ್ಲೇ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಅವರಿಗೇನೂ ಕೇಳಿಸಿರಲಿಲ್ಲ.

ಆಮೇಲೆ ನಾನು ಟೈಪು ಮಾಡಿದ್ದ ಮಾತುಗಳ ಫೈಲನ್ನು ಹಾಕಿದೆ. ಚಿತ್ರದ ಕೆಳಗೆ ಖಾಲಿ ಚೌಕಗಳು ಸಾಲುಗಟ್ಟಿದವು. ಯಾರು ಬಾಯಿ ತೆರೆದರೂ ಚೌಕ. ಅತ್ತೆ ಕನ್ನಡಕ ಏರಿಸಿದರು.

"ಇದನ್ನ ಓದಕ್ಕೆ ಯಾವ ಸ್ಕೂಲಿಗೆ ಹೋಗ್ಬೇಕೇ?"

ಮತ್ತೆ ಫೋನು. "ಅದಕ್ಕೆ ನಮ್ಮ ಅಕ್ಷರ ಗೊತ್ತಿಲ್ಲ ಅಕ್ಕಾ. ಫಾಂಟ್ ಇಲ್ಲ."

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ಬೇಕಪ್ಪ, ಚೌಕ ಯಾಕೆ ಬರೀಬೇಕು?"

"ಚೌಕ ಅಂದ್ರೇನೇ ಗೊತ್ತಿಲ್ಲ ಅಂತ ಅರ್ಥ."

"ಅದು ನನಗೆ ಹೇಗೋ ಗೊತ್ತಾಗ್ಬೇಕು?"

ಅವನು ಅಕ್ಷರಗಳ ಫೈಲೊಂದನ್ನು ಕಳಿಸಿದ, ಎಲ್ಲಿಡಬೇಕೆಂದು ಹೇಳಿದ. ಅಲ್ಲಿಟ್ಟೆ, ಆಗಲಿಲ್ಲ. ಸೆಟ್ಟಿಂಗಿನಲ್ಲಿ ಅದನ್ನು ಆರಿಸಬೇಕಂತೆ. ಆರಿಸಿದೆ, ಆಗಲಿಲ್ಲ. ಡಬ್ಬಿ ಆಫ್ ಮಾಡಿ ಮತ್ತೆ ಹಚ್ಚಿದಾಗ ಚೌಕಗಳಿದ್ದಲ್ಲಿ ನಮ್ಮ ಅಕ್ಷರಗಳು ಒತ್ತು, ದೀರ್ಘ ಸಮೇತ ದುಂಡಗೆ ಕೂತಿದ್ದವು. ನಾನು ಮಾಡಿದ್ದರಲ್ಲಿ ಯಾವುದರಿಂದ ಹೀಗಾಯಿತೋ, ಇವತ್ತಿಗೂ ಗೊತ್ತಿಲ್ಲ.

ಭಾನುವಾರ ಭಾವ ಬರುವ ಮುಂಚೆ ಅತ್ತೆಯನ್ನು ಟಿವಿಯ ಎದುರು ಕೂರಿಸಿದೆ. ಗುಬ್ಬಿ ಮೂಲೆಯಲ್ಲಿ ಫೋನು ಒತ್ತುತ್ತಾ ಕೂತಳು. ಎದ್ದು ಮಾತ್ರ ಹೋಗಲಿಲ್ಲ. ಅತ್ತೆ ಒಂದೊಂದೇ ಸಾಲನ್ನು ತುಟಿ ಅಲ್ಲಾಡಿಸುತ್ತಾ ಓದಿದರು. "ಓಹೋ, ಇವನು ಸಾಲಗಾರನಲ್ಲ, ಅಳಿಯ!" ಎಂದು ತಮ್ಮಷ್ಟಕ್ಕೇ ತಿದ್ದಿಕೊಂಡರು. ನನ್ನ ಎದೆ ಹಿಗ್ಗಿತು.

ತಾಯಿ ಸಾಯುವ ದೃಶ್ಯ ಬಂತು. ಪುಟ್ಟ ಗುಬ್ಬಿ ಚಾಪೆಯ ಮೇಲೆ ಉದ್ದಕ್ಕೆ ಮಲಗಿದಳು. ಚಿತ್ರದ ಕೆಳಗೆ ಅಕ್ಷರ ಮೂಡಿತು: ಮಗನೇ, ನಾನು ಹೊರಟೆ, ಬಾಗಿಲು ಭದ್ರ. ನಾನು ಅತ್ತೆಯ ಮುಖ ನೋಡಿದೆ. ಈಗ ಅವರಿಗೆ ತಿಳಿಯುತ್ತದೆ, ಕಣ್ಣು ತುಂಬಿಕೊಳ್ಳುತ್ತಾರೆ ಎಂದುಕೊಂಡೆ. ಅವರು ಕುತ್ತಿಗೆಯನ್ನು ಆಚೀಚೆ ಚಾಚಿ, ಗದರಿಸಿದರು:

"ಅಯ್ಯೋ, ತೆಗಿಯೇ ಆ ಅಕ್ಷರಾನ! ಅವಳ ಕಾಲು ಕಾಣ್ತಾ ಇಲ್ಲ."

"ಕಾಲಾ?"

"ಕಾಲು, ಕಾಲು!"

ಏನೆಂದು ತಿಳಿಯದೆಯೇ ಕೀಬೋರ್ಡಿನಲ್ಲಿ ಅಕ್ಷರ ತೆಗೆದು ದೃಶ್ಯವನ್ನು ಹಿಂದಕ್ಕೆ ಎಳೆದೆ. ಸತ್ತು ಮಲಗಿದ್ದ ತಾಯಿ ಒಂದು ಪಾದದ ಹೆಬ್ಬೆರಳಿನಿಂದ ಇನ್ನೊಂದು ಪಾದವನ್ನು ಕೆರೆದುಕೊಳ್ಳುತ್ತಿದ್ದಳು. ಮೊದಲು ಮೆಲ್ಲಗೆ, ಆಮೇಲೆ ಪರಪರ. ಸೌದೆಯವನು ಎದೆ ಬಡಿದುಕೊಂಡು ಅಳುತ್ತಿದ್ದ, ಇವಳು ಕೆರೆಯುತ್ತಲೇ ಇದ್ದಳು.

ಅತ್ತೆ ಅದೇ ನಗು ನಕ್ಕರು.

ಗುಬ್ಬಿ ಯಾವಾಗ ಮೂಲೆಯಿಂದ ಎದ್ದು ಬಂದಳೋ. ಅಜ್ಜಿಯ ಎದುರು ಕುಕ್ಕುರುಗಾಲಿನಲ್ಲಿ ಕೂತು, ತುಟಿ ಕಾಣುವ ಹಾಗೆ ಬಿಡಿಬಿಡಿಯಾಗಿ ಕೇಳಿದಳು. "ಅಜ್ಜಿ. ಅವತ್ತು. ಇದಕ್ಕಾ ನಕ್ಕಿದ್ದು?"

"ಮತ್ತಿನ್ಯಾವುದಕ್ಕೆ? ಸತ್ತಿದ್ದು ಗೊತ್ತಾಗ್ದೇ ಇರಕ್ಕೆ ನಾನೇನು ಕುರುಡೀನಾ? ಕಿವೀನೇ ತಾನೆ ಹೋಗಿರೋದು."

"ಮತ್ತೆ ಹೇಳ್ಲೇ ಇಲ್ಲ?"

"ಯಾರು ಕೇಳಿದ್ರು? ನಿಮ್ಮಮ್ಮ ನಗಬಾರದ ಕಡೆ ನಕ್ಕೆ ಅಂದ್ಲು. ಕಾಲು ಬಿಟ್ಟು ಬೇರೇನೋ ದೊಡ್ಡ ವಿಷಯ ಇರ್ಬೇಕು ಅಂದ್ಕೊಂಡೆ."

ಗುಬ್ಬಿ ನನ್ನ ಕಡೆ ನೋಡಿದಳು. ನಾನು ಕೀಬೋರ್ಡಿನ ಕಡೆ ನೋಡಿದೆ.

"ಇನ್ನೊಂದ್ಸಲ ಹಾಕಮ್ಮ" ಎಂದು ಅವಳು ಅಜ್ಜಿಯ ಪಕ್ಕಕ್ಕೆ ತೂರಿಕೊಂಡಳು. ಹಾಕಿದೆ. ಇನ್ನೊಂದು ಸಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡರು. ಕೆಳಗೆ ಭಾವನ ಕಾರು ಹಾರ್ನು ಹಾಕಿತು, ಕೇಳಿಸಿದ್ದು ನನಗೊಬ್ಬಳಿಗೆ. ಮುಂದಿನ ದೃಶ್ಯಗಳಿಗಾದರೂ ಅಕ್ಷರ ಬರಲೆಂದು ಗುಂಡಿ ಒತ್ತಲು ಹೋದರೆ ಅತ್ತೆ ನನ್ನ ಕೈಮೇಲೆ ಏಟು ಹಾಕಿದರು. "ಬಿಡೇ ಅದನ್ನ. ಉಳಿದೋರ ಕಾಲೂ ನೋಡ್ಬೇಕು."

ನಾಟಕದ ಉಳಿದರ್ಧವನ್ನು ಅವರು ಅಕ್ಷರವಿಲ್ಲದೆಯೇ ನೋಡಿ ಭಾವನ ಕಾರು ಹತ್ತಿದರು. ಒಂದೊಂದು ಮಾತನ್ನೂ ತೋರಿಸುತ್ತೇನೆ ಎಂದಿದ್ದೆ. ತೋರಿಸಲಿಲ್ಲ.