ಕತ್ತರಿ ಕೆಳಗಿಟ್ಟ ಮೇಲೆ

"ಮುಟ್ಟಬೇಡಿ!" ಮಗಳು ಸ್ಟುಡಿಯೊ ಯಜಮಾನರ ಕೈಯಿಂದ ಲ್ಯಾಪ್‌ಟಾಪ್ ಕಿತ್ತುಕೊಂಡಳು.

ಪಕ್ಕದ ಕೋಣೆಯಲ್ಲಿ ಅಮ್ಮ ಬಿಳಿ ಬಟ್ಟೆಯಡಿ ಮಲಗಿದ್ದಳು. ನಡುಮನೆಯ ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕಲ್ಲಿ ಅವಳ ನೆನಪಿನ ವಿಡಿಯೊ. ಯಜಮಾನರು ಬೆಳಗಿನಿಂದ ಅವಸರದಲ್ಲಿ ಜೋಡಿಸಿ ತಂದದ್ದು. ಅದರಲ್ಲಿ ಅವರು ಬಿಕ್ಕುತ್ತಾ "ಚಿನ್ನದಂಥ ಹೆಂಗಸು" ಎನ್ನುತ್ತಿದ್ದಾಗಲೇ ಗದ್ದದ ಕೆಳಗೆ ಅಕ್ಷರ ಮೂಡಿತ್ತು: 'ಉಪ್ಪು ಮಾತ್ರ ಜಾಸ್ತಿ.' ಅದು ಹಿಂದಿನ ತುಣುಕಿನಲ್ಲಿ ಅತ್ತೆ ಅಮ್ಮನ ಅಡುಗೆಗೆ ಕೊಟ್ಟ ಸರ್ಟಿಫಿಕೇಟು.

ಮುಂದೆ ಕೂತಿದ್ದ ಸೋದರಮಾವ ಕಕ್ಕಾಬಿಕ್ಕಿಯಾಗಿದ್ದ. ಹುಟ್ಟುಕಿವುಡ, ಅವನ ಪಾಲಿಗೆ ಅಕ್ಷರವೇ ದನಿ.

"ಅಕ್ಷರ ಕೂರಿಸಿದಾಗ ಎಲ್ಲಾ ಸರಿಯಾಗೇ ಇತ್ತಮ್ಮ," ಯಜಮಾನರು ತಲೆ ಕೆರೆದುಕೊಂಡರು. "ಆಮೇಲೆ ನಿಮ್ಮತ್ತೆ ಕೆಮ್ಮಿದ್ದನ್ನ ಒಂಚೂರು ಕತ್ತರಿಸಿದೆ. ಅಲ್ಲಿಂದ ಮಾತು ಮುಂದೆ ಹೋಯ್ತು, ಅಕ್ಷರ ಹಿಂದೆ ಉಳೀತು."

"ಅತ್ತೆ ಕೆಮ್ಮು ನಿಲ್ಲಿಸೋಕೆ ಹೋಗಿ ಅಕ್ಷರಕ್ಕೆಲ್ಲ ಭೇದಿ ಹಿಡಿಸಿದ್ದೀರಿ."

ಹೊರಗೆ ಹೆಣದ ಗಾಡಿಯ ಹಾರ್ನ್ ಕೇಳಿಸಿತು.

"ಗಾಡಿ ಬಂತು," ಯಜಮಾನರು ಅವಸರಿಸಿದರು. "ಅಕ್ಷರ ಬಿಟ್ಬಿಡೋಣ. ಇಲ್ಲಾಂದ್ರೆ ಮೆಷಿನ್ನಿಗೆ ಹಾಕು, ಕೇಳಿಸ್ಕೊಂಡು ತಾನೇ ಬರೆಯುತ್ತೆ."

"ಅಮ್ಮ ಕೊನೇಲಿ ಆಡಿದ್ದು ಅರ್ಧ ಮಾತು, ಅರ್ಧ ಏದುಸಿರು. ಏದುಸಿರಿಗೆ ಅದು ಏನಂತ ಬರೆಯುತ್ತೆ?"

ಕೊನೆಯ ತುಣುಕು ಆಸ್ಪತ್ರೆಯದು. ಎರಡೂ ಕೈಗೆ ಸೂಜಿ ಚುಚ್ಚಿದ್ದರಿಂದ ಅಮ್ಮ ಸನ್ನೆ ಮಾಡಲಾಗದೆ, ತಮ್ಮನಿಗೆ ಹೇಳಬೇಕಾದ್ದನ್ನು ಬಾಯಲ್ಲೇ ಹೇಳಿದ್ದಳು. ಅವನಿಗದು ಇನ್ನೂ ತಲುಪಿರಲಿಲ್ಲ.

*

"ಕತ್ತರಿ ಕೆಳಗಿಡಿ, ಆಮೇಲೆ ನನ್ನ ಕರೀರಿ." ವಿಡಿಯೊಗಳಿಗೆ ಅಕ್ಷರ ಕೂರಿಸುವ ಕೆಲಸಕ್ಕೆ ಹೋದಾಗಲೆಲ್ಲ ಅಮ್ಮ ಸ್ಟುಡಿಯೊ ಬಾಗಿಲಲ್ಲೇ ನಿಂತು ಹೇಳುತ್ತಿದ್ದಳು.

"ಎಡಿಟಿಂಗೂ ಅಕ್ಷರವೂ ಒಟ್ಟೊಟ್ಟಿಗೆ ನಡೆದ್ರೆ ಬೇಗ ಮುಗಿಯಲ್ವೇನಮ್ಮ?"

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋಳಲ್ಲ ಸಾರ್ ನಾನು. ಆಮೇಲೆ ಬಿಚ್ಚಿ ಬಿಚ್ಚಿ ಹೊಲಿಯೋದೇ ಎರಡು ಪಟ್ಟು ಕೆಲಸ."

"ಬೇರೆಯವರು ಮಾಡ್ತಾರಪ್ಪ."

"ಅವರನ್ನೇ ಕರೆಸ್ಕೊಳ್ಳಿ."

ಚೀಲ ಹೆಗಲಿಗೇರಿಸಿ ಹೊರಟೇಬಿಡುವಳು. ಯಜಮಾನರು ಮೆಟ್ಟಿಲಿನ ತನಕ ಬಂದು ಕರೆಯುವರು. ಮನೆಗೆ ಬಂದು ಅಮ್ಮ ಅವರ ಮೂಗಿನ ರಾಗವನ್ನು ಬರೀ ಬೆರಳಲ್ಲಿ ಅಣಕಿಸಿ ತಮ್ಮನನ್ನು ಹೊಟ್ಟೆ ಹಿಡಿದು ನಗಿಸುವಳು.

*

"ಇನ್ನೇನಾದ್ರೂ ಕತ್ತರಿಸೋದಿದ್ಯಾ?" ಮಗಳು ಕೇಳಿದಳು.

ಯಜಮಾನರು ಪಕ್ಕದ ಕೋಣೆಯತ್ತ ನೋಡಿ ದನಿ ತಗ್ಗಿಸಿದರು. "ನಾನೇ ಮೂರು ಸಲ ಬರ್ತೀನಿ. ಎರಡು ತೆಗೆದುಬಿಡು."

ತೆಗೆದಳು. ಹಳೆಯ ಸಾಲುಗಳನ್ನೆಲ್ಲ ಗುಡಿಸಿ ಹಾಕಿ, ಮೊದಲಿಂದ ಬರೆಯಲು ಕೂತಳು.

"ಹೊತ್ತಾಯ್ತು ಕಣೇ," ಅತ್ತೆ ಸಿಡುಕಿದಳು. "ಜನ ಏನಂದ್ಕೋತಾರೆ?"

"ಅಂದ್ಕೊಳ್ಳಲಿ ಅತ್ತೆ. ಜೋರಾಗಿ ಅಂದ್ರೆ ಅದನ್ನೂ ಬರೆದು ಹಾಕ್ತೀನಿ."

ಅತ್ತೆ ಬಾಯಿಗೆ ಸೆರಗು ಹಿಡಿದಳು. ಹಾರ್ನ್ ಮತ್ತೆ ಬಡಿದುಕೊಂಡಿತು, ಮಗಳು ತಲೆಯೆತ್ತಲಿಲ್ಲ. ಒಂದೊಂದು ಏದುಸಿರನ್ನೂ ಕೇಳಿ, ಅದು ಮುಗಿಯುವಲ್ಲಿ ಒಂದೊಂದು ಸಾಲನ್ನು ಮುರಿದಳು.

ಕೊನೆಗೆ ಗೋಡೆಯ ಮೇಲೆ ಅಮ್ಮ ತುಟಿಯಾಡಿಸಿದಳು. ತುಟಿಗೆ ಸರಿಯಾಗಿ ಅಕ್ಷರ ಬಂತು.

'ಲೋ ತಮ್ಮಾ...'

'ಚೆಸ್ಸಲ್ಲಿ ನನ್ನ ಆನೆ ಕದ್ದಿದ್ದು ನೀನೇ.'

'ನಾನಿಲ್ಲ ಅಂತ...'

'ಗೆದ್ದೆ ಗೆದ್ದೆ ಅನ್ಕೊಂಡು ತಿರುಗಬೇಡ.'

ಸೋದರಮಾವ ಧಡಕ್ಕನೆ ಎದ್ದು ನಿಂತ. ಗೋಡೆಯ ಹತ್ತಿರ ಹೋಗಿ ಅಕ್ಕನ ಮುಖಕ್ಕೆ ಮುಖ ಕೊಟ್ಟು ಎರಡೂ ಕೈ ಬೀಸಿ ಬೀಸಿ ವಾದಕ್ಕಿಳಿದ. ಕೆನ್ನೆ ತೋಯ್ದಿತ್ತು, ಬೆರಳುಗಳು ಮಾತ್ರ ಒಂದಿಷ್ಟೂ ಸೋಲೊಪ್ಪಲಿಲ್ಲ. ಅಮ್ಮನ ಹಣೆ, ಕಣ್ಣು, ನಗು ಅವನ ಕೈಗಳ ಮೇಲೆಲ್ಲ ಹರಿದಾಡುತ್ತಿದ್ದವು.